ತೂತಿಗೊಂದು ನೊಬೆಲ್

ಎಲ್ಲರ ಮನೆ ದೋಸೆಯೂ ತೂತೇ ಅಂತ ನಾವು ಸಮಾಧಾನ ಮಾಡ್ಕೋತೀವಿ. ಆದರೆ ೨೦೨೫ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿದ್ದೇ ತೂತಿಗೆ!

ಕಥೆ ಶುರುವಾಗೋದು ೧೯೭೪ರಲ್ಲಿ. ಮೆಲ್ಬರ್ನ್ ವಿಶ್ವವಿದ್ಯಾಲಯದ ಮೇಷ್ಟ್ರು ರಿಚರ್ಡ್ ರಾಬ್ಸನ್, ಪಾಠಕ್ಕೆ ಬೇಕಾದ ಹರಳುಗಳ ಮರದ ಮಾದರಿ ಮಾಡಿಸಬೇಕಿತ್ತು. ಗುಂಡು ಅಂದ್ರೆ ಪರಮಾಣು, ಕಡ್ಡಿ ಅಂದ್ರೆ ಬಂಧ. ಗುಂಡಿಗೆ ಎಲ್ಲೆಲ್ಲಿ ತೂತು ಕೊರೀಬೇಕು ಅಂತ ವರ್ಕ್‌ಶಾಪಿನವರಿಗೆ ಗುರುತು ಹಾಕಿಕೊಟ್ಟರು. ಆಮೇಲೆ ಜೋಡಿಸುವಾಗ ಹೊಳೆಯಿತು: ತೂತು ಸರಿಯಾದ ಜಾಗದಲ್ಲಿದ್ದರೆ ಆಕಾರ ತಾನೇ ಸರಿಯಾಗಿ ಬರುತ್ತದೆ. ನಿಜವಾದ ಅಣುಗಳನ್ನೂ ಹೀಗೇ ಜೋಡಿಸಿದರೆ?

ಆ ಪ್ರಶ್ನೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ತಲೆಯಲ್ಲೇ ಕೂತಿತ್ತು. ೧೯೮೯ರಲ್ಲಿ ಅವರು ತಾಮ್ರದ ಅಯಾನುಗಳನ್ನು ನಾಲ್ಕು ತೋಳಿನ ಸಾವಯವ ಅಣುಗಳ ಜೊತೆ ಸೇರಿಸಿ, ವಜ್ರದ ಮಾದರಿಯಲ್ಲಿ ಹರಳು ಕಟ್ಟಿದರು. ಒಳಗೆಲ್ಲ ಟೊಳ್ಳು. ಆದರೆ ಸುಲಭವಾಗಿ ಕುಸಿದುಬೀಳುತ್ತಿತ್ತು. ೧೯೯೭ರಲ್ಲಿ ಜಪಾನಿನ ಸುಸುಮು ಕಿತಾಗಾವಾ, ಅನಿಲ ತುಂಬಿ ತೆಗೆದರೂ ಕೆಡದ ಚೌಕಟ್ಟು ತೋರಿಸಿದರು. ೧೯೯೯ರಲ್ಲಿ ಒಮರ್ ಯಾಘಿ ತಂಡದ ಎಂಓಎಫ್-೫ ಬಂತು. ಅದರ ಒಂದೆರಡು ಗ್ರಾಂ ಒಳಗೆ ಫುಟ್‌ಬಾಲ್ ಮೈದಾನದಷ್ಟು ಮೇಲ್ಮೈ! ನೊಬೆಲ್ ಹಂಚಿಕೊಂಡಿದ್ದು ಈ ಮೂವರೇ.

ಇಷ್ಟು ಮೇಲ್ಮೈ ಇದ್ದಮೇಲೆ ಸೂಪರ್‌ಕೆಪಾಸಿಟರ್ ಮಾಡುವವರ ಕಣ್ಣು ಬೀಳದೆ ಇರುತ್ತಾ? ಬ್ಯಾಟರಿ ವಿದ್ಯುತ್ತನ್ನು ರಾಸಾಯನಿಕ ಕ್ರಿಯೆಯಲ್ಲಿ ಕೂಡಿಡುತ್ತದೆ. ಸೂಪರ್‌ಕೆಪಾಸಿಟರ್‌ನಲ್ಲಿ ಅಯಾನುಗಳು ಎಲೆಕ್ಟ್ರೋಡಿನ ಮೇಲ್ಮೈಗೆ ಬಂದು ಸಾಲಾಗಿ ನಿಲ್ಲುತ್ತವೆ, ಅಷ್ಟೇ. ಅದಕ್ಕೇ ಸೆಕೆಂಡುಗಳಲ್ಲಿ ಚಾರ್ಜ್ ಆಗುತ್ತದೆ. ಮೇಲ್ಮೈ ಹೆಚ್ಚಿದ್ದಷ್ಟೂ ಲಾಭ.

ಆದರೆ ಇಲ್ಲೊಂದು ಎಡವಟ್ಟು. ಈ ಚೌಕಟ್ಟುಗಳಲ್ಲಿ ಬಹುಪಾಲು ವಿದ್ಯುತ್ತನ್ನೇ ಹರಿಯಬಿಡುವುದಿಲ್ಲ. ಮನೆ ತುಂಬಾ ಕೋಣೆ, ಓಡಾಡಲು ದಾರಿ ಇಲ್ಲ! ಅಮೆರಿಕದ ಎಂಐಟಿಯ ಮಿರ್ಚಾ ದಿಂಕಾ ತಂಡ ನಿಕ್ಕಲ್ ಬಳಸಿ, ವಿದ್ಯುತ್ ಹರಿಯುವ ಚೌಕಟ್ಟನ್ನು ಕಟ್ಟಿತು. ೨೦೧೭ರ 'ನೇಚರ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಅದರದ್ದೇ ಎಲೆಕ್ಟ್ರೋಡಿನ ವರದಿ ಇದೆ: ಇಂಗಾಲ ಬೆರೆಸಿಲ್ಲ, ೧೦,೦೦೦ ಸಲ ಚಾರ್ಜ್ ಮಾಡಿ ಖಾಲಿ ಮಾಡಿದರೂ ಸಾಮರ್ಥ್ಯ ಶೇ. ೯೦ಕ್ಕಿಂತ ಹೆಚ್ಚು ಉಳಿದಿತ್ತು.

ಹಾಗಂತ ಗೆದ್ದಾಯ್ತು ಅನ್ನೋ ಹಾಗಿಲ್ಲ. ಮಾರುಕಟ್ಟೆಯ ಸೂಪರ್‌ಕೆಪಾಸಿಟರ್‌ಗಳಲ್ಲಿ ಇವತ್ತಿಗೂ ಹೆಚ್ಚಾಗಿ ಇರೋದು ಸಕ್ರಿಯ ಇಂಗಾಲ, ಅದರಲ್ಲೂ ಬಹಳಷ್ಟು ತೆಂಗಿನ ಕರಟದ ಇದ್ದಿಲಿನಿಂದ ಮಾಡಿದ್ದು. ನಾವು ಒಲೆಗೆ ಹಾಕೋ ಅದೇ ಕರಟ! ಅಗ್ಗ, ಗಟ್ಟಿ. ಆದರೆ ಇದ್ದಿಲಿನ ತೂತು ಬಿದ್ದಲ್ಲಿ ಬಿತ್ತು, ಬಿದ್ದಷ್ಟು ಬಿತ್ತು. ಚೌಕಟ್ಟಿನ ತೂತು ಮಾತ್ರ ನಾವು ಗುರುತು ಹಾಕಿದಲ್ಲೇ. ಮುಂದಿನ ಭರವಸೆ ಇರೋದು ಈ ಒಂದು ವ್ಯತ್ಯಾಸದಲ್ಲಿ.

ಅಂದು ಮರದ ಗುಂಡಿಗೆ ಗುರುತು ಹಾಕಿದ ಮೇಷ್ಟ್ರಿಗೆ ನೊಬೆಲ್ ಬಂದಾಗ ೮೮ ವರ್ಷ. ಕೆಲವು ತೂತು ತುಂಬೋಕೆ ಇಷ್ಟು ಕಾಲ ಬೇಕೇನೋ... ಏನಂತೀರಿ?