ದೋಣಿಯ ಬ್ಯಾಟರಿ ನಿರ್ವಹಣೆ

ದೋಣಿಯ ಎಂಜಿನ್ ಚಾಲನೆ, ದೀಪ ಹಾಗೂ ವೈರ್‌ಲೆಸ್‌ಗೆ ಬೇಕಾದ ವಿದ್ಯುತ್ತನ್ನು ಸಾಮಾನ್ಯವಾಗಿ ಸೀಸ-ಆಮ್ಲ ಬ್ಯಾಟರಿಯು ಒದಗಿಸುತ್ತದೆ.

ಬಂಟ್ವಾಳದ ಮೂಲಕ ಹರಿಯುವ ನೇತ್ರಾವತಿಯು ಸಮುದ್ರ ಸೇರುವ ಮಂಗಳೂರಿನಲ್ಲಿ ಯಾಂತ್ರೀಕೃತ ಮೀನುಗಾರಿಕಾ ದೋಣಿಗಳು ಮಳೆಗಾಲದ ನಿಷೇಧಾವಧಿಯಲ್ಲಿ (ಜೂನ್ 1ರಿಂದ ಜುಲೈ 31) ಲಂಗರು ಹಾಕಿರುತ್ತವೆ. ಬಳಸದೆ ಬಿಟ್ಟ ಬ್ಯಾಟರಿಯು ತಾನಾಗಿಯೇ ಬರಿದಾಗಿ, ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಗೊಳ್ಳುತ್ತದೆ. ಆದುದರಿಂದ ತಿಂಗಳಿಗೊಮ್ಮೆ ಚಾರ್ಜ್ ಮಾಡುವುದು ಒಳ್ಳೆಯದು.

== ದೋಷಪತ್ತೆ ==
ಎಂಜಿನ್ ಚಾಲೂ ಆಗದಿದ್ದರೆ ಮೊದಲು ಟರ್ಮಿನಲ್‌ಗಳ ಸಡಿಲಿಕೆ ಮತ್ತು ಕಿಲುಬನ್ನು ಪರೀಕ್ಷಿಸಬೇಕು. ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿಯು ಕೆಲವು ಗಂಟೆಗಳ ಬಳಿಕ ಸುಮಾರು 12.6 ವೋಲ್ಟ್ ತೋರಿಸುತ್ತದೆ. ದ್ರವ ಕಡಿಮೆಯಾದರೆ ಭಟ್ಟಿ ಇಳಿಸಿದ ನೀರನ್ನೇ ತುಂಬಬೇಕು.

== ಸುರಕ್ಷತೆ ==
ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಮುಚ್ಚಿದ ಎಂಜಿನ್ ಕೋಣೆಯಲ್ಲಿ ಇದು ಸಂಗ್ರಹವಾದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಆದ್ದರಿಂದ ಗಾಳಿಯಾಡುವಂತೆ ಬಾಗಿಲು ತೆರೆದಿರಬೇಕು, ಬೀಡಿ-ಬೆಂಕಿ ದೂರವಿರಬೇಕು. ಕಳಚುವಾಗ ಋಣ ತಂತಿಯನ್ನು ಮೊದಲು ತೆಗೆದು, ಜೋಡಿಸುವಾಗ ಕೊನೆಗೆ ಸೇರಿಸಬೇಕು. ಆಮ್ಲವು ಕಣ್ಣಿಗೆ ಸಿಡಿದರೆ ತಕ್ಷಣ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರನ್ನು ಕಾಣಬೇಕು.