ಟಹೀಟಿ ಯಾತ್ರೆಯ ಸಿದ್ಧತೆ: 1768

ಶುಕ್ರಗ್ರಹವು 1769ನೆಯ ಜೂನ್ 3ರಂದು ಸೂರ್ಯಬಿಂಬವನ್ನು ಹಾದುಹೋಗುವುದೆಂದು ಖಗೋಳಜ್ಞರಿಗೆ ಮೊದಲೇ ತಿಳಿದಿದ್ದಿತು. ಪರಸ್ಪರ ದೂರದ ನೆಲೆಗಳಿಂದ ಈ ಸಂಕ್ರಮಣವನ್ನು ವೀಕ್ಷಿಸಿದರೆ ಸೂರ್ಯನ ದೂರವನ್ನು ಗಣಿಸಬಹುದೆಂದು ಹ್ಯಾಲಿಯು 1716ರಲ್ಲಿಯೇ ಪ್ರತಿಪಾದಿಸಿದ್ದನು. ಲಂಡನ್ನಿನ ರಾಯಲ್ ಸೊಸೈಟಿಯು ಇದಕ್ಕಾಗಿ ದೊರೆಯಿಂದ 4000 ಪೌಂಡುಗಳನ್ನು ಪಡೆಯಿತು. ನೌಕಾಡಳಿತವು ಕಲ್ಲಿದ್ದಲು ಸಾಗಿಸುವ ಹಡಗೊಂದನ್ನು ಕೊಂಡು ‘ಎಂಡೆವರ್’ ಎಂದು ಹೆಸರಿಟ್ಟು, ಜೇಮ್ಸ್ ಕುಕ್ಕನಿಗೆ ಒಪ್ಪಿಸಿತು. ವಿಚಿತ್ರವೆಂದರೆ, ಹಣವೂ ಹಡಗೂ ಒದಗಿದಾಗ ಇಳಿಯತಕ್ಕ ದ್ವೀಪವೇ ಇನ್ನೂ ನಿಶ್ಚಯವಾಗಿರಲಿಲ್ಲ! ಪೆಸಿಫಿಕ್ ಸಾಗರದಿಂದ 1768ರ ಮೇ ತಿಂಗಳಲ್ಲಿ ಹಿಂದಿರುಗಿದ ವ್ಯಾಲಿಸನು ತಾನು ಕಂಡ ಟಹೀಟಿಯ ಸ್ಥಾನವನ್ನೂ ಅಲ್ಲಿಯ ಬಂದರಿನ ಅನುಕೂಲವನ್ನೂ ತಿಳಿಸಿದ ಮೇಲೆಯೇ ಅದು ಇತ್ಯರ್ಥವಾಯಿತು.

ಆ ಅನುಕೂಲದ ಹಿನ್ನೆಲೆಯನ್ನು ನಮ್ಮ ಪಠ್ಯಪುಸ್ತಕಗಳು ವಿವರಿಸುವುದು ವಿರಳ. 1767ರ ಜೂನಿನಲ್ಲಿ ದೋಣಿಗಳಲ್ಲಿ ಬಂದು ಎದುರಿಸಿದ ದ್ವೀಪವಾಸಿಗಳ ಮೇಲೆ ವ್ಯಾಲಿಸನ ಫಿರಂಗಿಗಳು ಗುಂಡಿನ ಮಳೆಗರೆದು ಹಲವರನ್ನು ಕೊಂದಿದ್ದವು. 1769ರ ಏಪ್ರಿಲ್ 13ರಂದು ಕುಕ್ಕನಿಗೆ ದೊರೆತ ಶಾಂತ ಸ್ವಾಗತಕ್ಕೂ ಆ ನೆನಪಿಗೂ ಸಂಬಂಧವಿಲ್ಲವೆನ್ನುವುದು ಕಷ್ಟ. ಇದು ಕೇವಲ ವಿಜ್ಞಾನಯಾತ್ರೆಯೂ ಆಗಿರಲಿಲ್ಲ. ವೀಕ್ಷಣೆಯ ಬಳಿಕ ದಕ್ಷಿಣದ ಮಹಾಖಂಡವನ್ನು ಅರಸಬೇಕೆಂಬ ಗುಪ್ತ ಆಜ್ಞೆಯು ಮೊಹರು ಮಾಡಿದ ಲಕೋಟೆಯಲ್ಲಿ ಕುಕ್ಕನ ಬಳಿ ಇದ್ದಿತು. ವೀಕ್ಷಣೆಯ ದಿನ ಆಕಾಶವೇನೋ ನಿರ್ಮಲವಾಗಿದ್ದಿತು. ಆದರೆ ಕುಕ್ಕನೂ ಖಗೋಳಜ್ಞ ಗ್ರೀನನೂ ಗುರುತಿಸಿಕೊಂಡ ಕಾಲಗಳು ಒಂದಕ್ಕೊಂದು ತಾಳೆಯಾಗಲಿಲ್ಲ.