ರೆಂಡರಿಂಗ್ ವೇಳೆ ಮನೆಯ ಗಣಕಯಂತ್ರ ನಿಂತುಹೋದರೆ: ಕಾರಣ ಗುರುತಿಸುವ ಕ್ರಮ

ಪಾಠಕ್ಕೊಂದು ಚಲಿಸುವ ಚಿತ್ರ, ವಿಜ್ಞಾನ ಮೇಳಕ್ಕೊಂದು ಮೂರು ಆಯಾಮದ ಮಾದರಿ, ವಾರ್ಷಿಕೋತ್ಸವದ ವೀಡಿಯೊ: ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಬೇಕಾದ ಇಂತಹ ಹಲವು ಸಾಮಗ್ರಿಗಳು ಸಿದ್ಧವಾಗುವುದು ಶಿಕ್ಷಕರ ಹಾಗೂ ವಿದ್ಯಾರ್ಥಿಗಳ ಮನೆಯ ಗಣಕಯಂತ್ರಗಳಲ್ಲಿಯೇ. ಕಳೆದ ಬೇಸಗೆಯಲ್ಲಿ ಜಲಚಕ್ರದ ಚಿತ್ರಣವೊಂದನ್ನು ಬ್ಲೆಂಡರ್ ತಂತ್ರಾಂಶದಲ್ಲಿ ರೂಪಿಸುತ್ತಿದ್ದಾಗ ನಮ್ಮ ಯಂತ್ರ ಮೂರು ರಾತ್ರಿ ನಡುವೆಯೇ ನಿಂತುಹೋಯಿತು. ಮದರ್‌ಬೋರ್ಡ್ ಬದಲಿಸಬೇಕೆಂಬ ಸಲಹೆ ಬಂತು. ಕೊನೆಗೆ ದೋಷ ಸಿಕ್ಕಿದ್ದು ಪ್ರೊಸೆಸರ್‌ನ ಮೇಲಿನ ಹೀಟ್ ಸಿಂಕ್‌ನಲ್ಲಿ ಕಟ್ಟಿಕೊಂಡಿದ್ದ ಧೂಳಿನಲ್ಲಿ. ಮೊದಲು ಗಮನಿಸಬೇಕು, ಆಮೇಲೆ ಪರೀಕ್ಷಿಸಬೇಕು, ಖರೀದಿ ಕೊನೆಗೆ ಎಂಬುದು ಅಂದು ನಾವು ಕಲಿತ ಪಾಠ.

ರೆಂಡರಿಂಗ್ ವೇಳೆಯೇ ಏಕೆ?

ಟೈಪಿಂಗ್ ಅಥವಾ ಅಂತರ್ಜಾಲ ವೀಕ್ಷಣೆಯಲ್ಲಿ ಪ್ರೊಸೆಸರ್ ಬಹುಪಾಲು ಸಮಯ ವಿಶ್ರಾಂತಿಯಲ್ಲಿರುತ್ತದೆ. ರೆಂಡರಿಂಗ್‌ನಲ್ಲಿ ಬೆಳಕು, ನೆರಳು, ಬಣ್ಣಗಳನ್ನು ಚೌಕಟ್ಟು ಚೌಕಟ್ಟಾಗಿ ಲೆಕ್ಕ ಹಾಕಬೇಕಾಗಿ, ಪ್ರೊಸೆಸರ್‌ನ ಎಲ್ಲ ಕೋರ್‌ಗಳು ಅಥವಾ ಗ್ರಾಫಿಕ್ಸ್ ಕಾರ್ಡ್ ಗಂಟೆಗಟ್ಟಲೆ ಪೂರ್ಣ ಸಾಮರ್ಥ್ಯದಲ್ಲಿ ದುಡಿಯುತ್ತವೆ. ವಿದ್ಯುತ್ ಬಳಕೆಯೂ ಶಾಖವೂ ಏಕಕಾಲದಲ್ಲಿ ಏರುತ್ತವೆ. ಉಳಿದ ದಿನಗಳಲ್ಲಿ ಮರೆಯಾಗಿದ್ದ ದೌರ್ಬಲ್ಯ ಆಗ ಹೊರಬೀಳುತ್ತದೆ.

ನಿಂತುಹೋಗುವ ಬಗೆಯೇ ಮೊದಲ ಸುಳಿವು

ಎರಡು ಮೂರು ಬಾರಿ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಬೇಕು.

• ರೆಂಡರ್ ಆರಂಭಿಸಿದ ಕೆಲವೇ ಕ್ಷಣಗಳಲ್ಲಿ ತಟ್ಟನೆ ಆಫ್ ಆದರೆ ಸಂಶಯ ವಿದ್ಯುತ್ ಪೂರೈಕೆಯ ಮೇಲೆ.
• ಹತ್ತಿಪ್ಪತ್ತು ನಿಮಿಷಗಳ ಬಳಿಕ, ಫ್ಯಾನ್ ಸದ್ದು ಜೋರಾಗುತ್ತಾ ಹೋಗಿ ಆಫ್ ಆದರೆ ಸಂಶಯ ಶಾಖದ ಮೇಲೆ.
• ಒಂದೇ ಯುಪಿಎಸ್‌ಗೆ ಜೋಡಿಸಿದ ಮಾನಿಟರ್ ಕೂಡ ಜೊತೆಗೇ ಆರಿದರೆ ದೋಷ ಯುಪಿಎಸ್ ಅಥವಾ ಅದರ ಹಿಂದಿನ ವಿದ್ಯುತ್ ಸಂಪರ್ಕದಲ್ಲಿ. ಮಾನಿಟರ್ ಉರಿಯುತ್ತಿದ್ದು ಸಿಗ್ನಲ್ ಇಲ್ಲವೆಂದು ತೋರಿಸಿದರೆ ದೋಷ ಪೆಟ್ಟಿಗೆಯ ಒಳಗಿದೆ.
• ನೀಲಿ ಪರದೆ ಮೂಡಿ ತಾನಾಗಿಯೇ ಮತ್ತೆ ಆರಂಭವಾದರೆ ಡ್ರೈವರ್ ಅಥವಾ ರ‍್ಯಾಮ್ ಪರಿಶೀಲಿಸಬೇಕು.
• ತಂತ್ರಾಂಶ ಮಾತ್ರ ಮುಚ್ಚಿ ಯಂತ್ರ ನಡೆಯುತ್ತಿದ್ದರೆ ರ‍್ಯಾಮ್ ಅಥವಾ ಗ್ರಾಫಿಕ್ಸ್ ಮೆಮೊರಿ ಸಾಲದಿರಬಹುದು.

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ದಾಖಲೆಯನ್ನು ತೆರೆದರೆ ‘ಕರ್ನೆಲ್-ಪವರ್ 41’ ಎಂಬ ನಮೂದು ಕಾಣಬಹುದು. ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲವೆಂದಷ್ಟೇ ಅದರ ಅರ್ಥ. ಅದು ಕಾರಣವನ್ನು ಹೇಳುವುದಿಲ್ಲ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ 0 ಎಂದಿದ್ದರೆ ವಿದ್ಯುತ್ ಕಡಿದಿರುವ ಸಾಧ್ಯತೆ ಹೆಚ್ಚು. ಬೇರೆ ಸಂಖ್ಯೆಯಿದ್ದರೆ ಅದು ನೀಲಿ ಪರದೆಯ ಗುರುತು.

ಶಾಖದ ಪರೀಕ್ಷೆ

ಎಚ್‌ಡಬ್ಲ್ಯೂಇನ್ಫೊದಂತಹ ಉಚಿತ ತಂತ್ರಾಂಶವನ್ನು ತೆರೆದಿಟ್ಟು ರೆಂಡರ್ ಆರಂಭಿಸಿ ಉಷ್ಣತೆಯನ್ನು ಗಮನಿಸಬೇಕು. ಇಂದಿನ ಬಹುತೇಕ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಮೊದಲು ವೇಗ ತಗ್ಗಿಸಿಕೊಳ್ಳುತ್ತವೆ. ಆಗಲೂ ಶಾಖ ಇಳಿಯದಿದ್ದರೆ ಆತ್ಮರಕ್ಷಣೆಗಾಗಿ ಯಂತ್ರವನ್ನೇ ನಿಲ್ಲಿಸುತ್ತವೆ. ಕೋಣೆಯ ಶಾಖ ಹತ್ತು ಡಿಗ್ರಿ ಏರಿದರೆ ಒಳಗಿನ ಶಾಖವೂ ಸರಿಸುಮಾರು ಅಷ್ಟೇ ಏರುತ್ತದೆ. ಆದುದರಿಂದ ಬೇಸಗೆಯಲ್ಲಿ 40 ಡಿಗ್ರಿ ದಾಟುವ ಸೊಲ್ಲಾಪುರ, ಅಕ್ಕಲಕೋಟೆಯ ಮನೆಗಳಲ್ಲಿ ಚಳಿಗಾಲದಲ್ಲಿ ಸರಿಯಿದ್ದ ಯಂತ್ರ ಏಪ್ರಿಲ್‌ನಲ್ಲಿ ಕೈಕೊಡಬಹುದು.

ಪರಿಹಾರ ಬಹುಮಟ್ಟಿಗೆ ಅಗ್ಗ. ಪ್ಲಗ್ ಕಿತ್ತು, ಪೆಟ್ಟಿಗೆಯ ಪಕ್ಕದ ಹಲಗೆ ತೆಗೆದು, ಮೃದುವಾದ ಕುಂಚ ಹಾಗೂ ಗಾಳಿಯೂದುವ ಬ್ಲೋವರ್‌ನಿಂದ ಧೂಳು ತೆಗೆಯಬೇಕು. ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಕೆಲವು ವರ್ಷ ಹಳೆಯದಾದ ಯಂತ್ರದಲ್ಲಿ ಥರ್ಮಲ್ ಪೇಸ್ಟ್ ಒಣಗಿರಬಹುದು. ಹಳೆಯದನ್ನು ಒರೆಸಿ ಸಣ್ಣ ಬಟಾಣಿಯಷ್ಟು ಹೊಸದನ್ನು ಹಚ್ಚಿದರೆ ಸಾಕು. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬಾರದು, ಮೇಜಿನ ಮುಚ್ಚಿದ ಗೂಡಿನಲ್ಲಂತೂ ಕೂಡದು.

ವಿದ್ಯುತ್ ಪೂರೈಕೆಯ ಪರೀಕ್ಷೆ

ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್. ಬ್ಯಾಟರಿ ಹಳೆಯದಾದರೆ ವೋಲ್ಟೇಜ್ ಕ್ಷಣಕಾಲ ಕುಸಿದಾಗಲೂ ಅದು ಭಾರ ಹೊರಲಾರದು. ಯುಪಿಎಸ್ ಬಿಟ್ಟು ನೇರವಾಗಿ ಅರ್ತಿಂಗ್ ಇರುವ ಗೋಡೆಯ ಸಾಕೆಟ್‌ಗೆ ಜೋಡಿಸಿ ಒಮ್ಮೆ ರೆಂಡರ್ ಮಾಡಿ ನೋಡಬೇಕು. ಆಗ ನಿಲ್ಲದಿದ್ದರೆ ಯುಪಿಎಸ್ ಅಥವಾ ಅದರ ಬ್ಯಾಟರಿಯೇ ದೋಷಿ.

ಮುಂದಿನದು ಪೆಟ್ಟಿಗೆಯೊಳಗಿನ ಎಸ್‌ಎಂಪಿಎಸ್. ಅದರ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟ್ ಸಂಖ್ಯೆಯನ್ನಷ್ಟೇ ನಂಬಬಾರದು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಮುಖ್ಯವಾಗಿ ಬಳಸುವುದು 12 ವೋಲ್ಟ್ ವಿದ್ಯುತ್ತನ್ನು. ಅದರ ಎದುರು 16 ಆಂಪಿಯರ್ ಎಂದಿದ್ದರೆ ಗುಣಿಸಿದಾಗ ಸಿಗುವುದು ಕೇವಲ 192 ವ್ಯಾಟ್. ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡೊಂದೇ ಸುಮಾರು 170 ವ್ಯಾಟ್ ಬಳಸುತ್ತದೆ. ಅದಕ್ಕೆ ಕಂಪನಿ ಸೂಚಿಸುವುದು 550 ವ್ಯಾಟ್‌ನ ಎಸ್‌ಎಂಪಿಎಸ್.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಬ್ಲೆಂಡರ್‌ನಲ್ಲಿಯೇ ಒಂದು ಸರಳ ಪರೀಕ್ಷೆಯಿದೆ. ಸೈಕಲ್ಸ್ ವಿಧಾನದಲ್ಲಿ ಒಂದೇ ದೃಶ್ಯವನ್ನು ಒಮ್ಮೆ ಪ್ರೊಸೆಸರ್‌ನಿಂದ, ಒಮ್ಮೆ ಗ್ರಾಫಿಕ್ಸ್ ಕಾರ್ಡ್‌ನಿಂದ ರೆಂಡರ್ ಮಾಡಬೇಕು. ಎರಡನೆಯ ಸಲ ಮಾತ್ರ ನಿಂತರೆ ಕಾರ್ಡ್, ಅದರ ವಿದ್ಯುತ್ ತಂತಿ ಅಥವಾ ಎಸ್‌ಎಂಪಿಎಸ್ ಪರೀಕ್ಷಿಸಬೇಕು.

ಎಚ್ಚರಿಕೆ: ಎಸ್‌ಎಂಪಿಎಸ್ ಡಬ್ಬಿಯನ್ನು ಮನೆಯಲ್ಲಿ ಎಂದಿಗೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು.

ರ‍್ಯಾಮ್ ಮತ್ತು ಡ್ರೈವರ್

ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಅಥವಾ ಮೆಮ್‌ಟೆಸ್ಟ್86 ನಡೆಸಿದಾಗ ಒಂದು ದೋಷ ಕಂಡರೂ ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಬೇಕು. ಗ್ರಾಫಿಕ್ಸ್ ಡ್ರೈವರನ್ನು ತಯಾರಕರ ಜಾಲತಾಣದಿಂದಲೇ ಪಡೆದು ಹೊಸದಾಗಿ ಅಳವಡಿಸಬೇಕು. ಓವರ್‌ಕ್ಲಾಕಿಂಗ್ ಮಾಡಿದ್ದರೆ ತೆಗೆದುಹಾಕಬೇಕು.

ರಿಪೇರಿಯ ತನಕ ಕೆಲಸ ಉಳಿಸಿಕೊಳ್ಳುವುದು

ಚಲನಚಿತ್ರವನ್ನು ನೇರವಾಗಿ ವೀಡಿಯೊ ಕಡತವಾಗಿ ರೆಂಡರ್ ಮಾಡದೆ ಪಿಎನ್‌ಜಿ ಚಿತ್ರಗಳ ಸರಣಿಯಾಗಿ ಉಳಿಸಬೇಕು. ಆಗ 240 ಚೌಕಟ್ಟುಗಳಲ್ಲಿ 180ನೆಯದರ ಬಳಿಕ ಯಂತ್ರ ನಿಂತರೂ ಮೊದಲಿನ 180 ಸುರಕ್ಷಿತ. ಬ್ಲೆಂಡರ್‌ನಲ್ಲಿ ‘ಓವರ್‌ರೈಟ್’ ಗುರುತು ತೆಗೆದರೆ ಈಗಾಗಲೇ ಇರುವ ಚಿತ್ರಗಳನ್ನು ಬಿಟ್ಟು ಮುಂದುವರಿಯುತ್ತದೆ. ಅರೆಬರೆಯಾದ ಕೊನೆಯ ಚಿತ್ರವಿದ್ದರೆ ಅದನ್ನು ಮಾತ್ರ ಅಳಿಸಬೇಕು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು ಶೇ. 80ಕ್ಕೆ ಇಳಿಸುವ ಅವಕಾಶವಿದ್ದರೆ ಬಳಸಬಹುದು; ಕೆಲಸ ನಿಧಾನವಾದರೂ ಶಾಖವೂ ವಿದ್ಯುತ್ ಬಳಕೆಯೂ ತಗ್ಗುತ್ತವೆ.

ಇಷ್ಟಾದರೂ ಸರಿಹೋಗದಿದ್ದರೆ ಅಂಗಡಿಗೆ ಒಯ್ಯಬೇಕು. ಆದರೆ ಬರಿಗೈಯಲ್ಲಿ ಹೋಗಬಾರದು: ಎಷ್ಟು ನಿಮಿಷಕ್ಕೆ ನಿಂತಿತು, ಉಷ್ಣತೆ ಎಷ್ಟಿತ್ತು, ಯುಪಿಎಸ್ ಇಲ್ಲದೆ ಏನಾಯಿತು ಎಂಬ ಟಿಪ್ಪಣಿ ಕೈಯಲ್ಲಿರಲಿ. ಯಾವುದೇ ಭಾಗ ಬದಲಿಸುವ ಮುನ್ನ, ಅಂಗಡಿಯಲ್ಲಿರುವ ಬೇರೊಂದು ಎಸ್‌ಎಂಪಿಎಸ್ ಜೋಡಿಸಿ ಅದೇ ದೃಶ್ಯವನ್ನು ಕಣ್ಣೆದುರೇ ರೆಂಡರ್ ಮಾಡಿ ತೋರಿಸುವಂತೆ ಕೇಳಬೇಕು. ಮಾತು ಮಲಯಾಳದಲ್ಲಿ ನಡೆಯಲಿ, ಮರಾಠಿಯಲ್ಲಿ ನಡೆಯಲಿ, ಅಂಕಿಗಳು ಎಲ್ಲರಿಗೂ ಒಂದೇ. ಆ ಟಿಪ್ಪಣಿಯನ್ನು ಮಕ್ಕಳ ಕೈಯಿಂದಲೇ ಬರೆಸಿದರೆ ಅದೂ ಒಂದು ವಿಜ್ಞಾನದ ಪಾಠವಾದೀತು.